ಚಾಚಾ ಹಿಂಜದೆ ಇಟ್ಟುಕೊಂಡಿದ್ದ ಹಾಸಿಗೆ

ಹೋದ ತಿಂಗಳು ಶಿವಮೊಗ್ಗದ ರವೀಂದ್ರನಗರದ ನಮ್ಮ ಬೀದಿಗೆ ಹಾಸಿಗೆ ರಿಪೇರಿಯ ವ್ಯಾನು ಬಂದಿತ್ತು. ಎದುರು ಮನೆಯವರು ಹಳೆಯ ಹಾಸಿಗೆಯನ್ನು ಗೇಟಿನ ಮುಂದೆಯೇ ಬಿಚ್ಚಿಸಿ ಹತ್ತಿ ಹಿಂಜಿಸುತ್ತಿದ್ದರು. ಬಟ್ಟೆ ಒಣಹಾಕಲು ಮಹಡಿ ಹತ್ತಿದ್ದ ನನ್ನ ಮೂಗಿಗೆ ಆ ವಾಸನೆ ಬಡಿಯಿತು. ಬಿಸಿಲಿಗೆ ಕಾದ ಹತ್ತಿ, ವರ್ಷಗಟ್ಟಲೆಯ ಧೂಳು, ತಲೆಗೆ ಹಚ್ಚಿದ ಎಣ್ಣೆಯ ಜಿಡ್ಡು... ಅರ್ಧ ಬಟ್ಟೆ ಬಕೆಟ್ಟಿನಲ್ಲೇ ಬಿಟ್ಟು ಕೆಳಗಿಳಿದು ಬಂದೆ. ಕಿಟಕಿ ಮುಚ್ಚಿದೆ. ಸೆಕೆ ಅನ್ನಿಸಿ ಮತ್ತೆ ತೆರೆದೆ. ಕೂತರೆ ಏಳಬೇಕು, ಎದ್ದರೆ ಕೂರಬೇಕು ಅನ್ನಿಸುವ ಈ ಕಾಯಿಲೆ ನನಗೆ ಹೊಸದಲ್ಲ. ಅದು ಹತ್ತಿಕೊಂಡದ್ದು ಭದ್ರಾವತಿಯ ಒಂದು ಹಾಸಿಗೆ ಅಂಗಡಿಯ ಮಹಡಿಯಲ್ಲಿ.

ನಾನು ವಾರವೆಲ್ಲ ಲ್ಯಾಬಿನಲ್ಲಿ ಜನರ ರಕ್ತ ತೆಗೆಯುವವಳು, ಭಾನುವಾರ ದೆವ್ವದ ಕಥೆ ಬರೆಯುವವಳು. ಎರಡಕ್ಕೂ ಸಂಬಂಧವಿದೆ ಎಂದು ಜನ ತಮಾಷೆ ಮಾಡುತ್ತಾರೆ, ಮಾಡಲಿ. ನನ್ನಂಥವರು ಜಿಲ್ಲೆಯಲ್ಲಿ ಇನ್ನೂ ಹದಿನೈದು ಇಪ್ಪತ್ತು ಜನ ಇದ್ದಾರೆಂದು ತಿಳಿದದ್ದು ಒಬ್ಬ ನಿವೃತ್ತ ಡ್ರಾಯಿಂಗ್ ಮೇಷ್ಟ್ರಿಂದ. ವಿದ್ಯಾನಗರದ ಅವರು ಎಲ್ಲರನ್ನೂ ಒಂದು ವಾಟ್ಸಾಪ್ ಗುಂಪಿಗೆ ಸೇರಿಸಿ, ವರ್ಷಕ್ಕೊಂದು ಭಾನುವಾರ ಎಲ್ಲರೂ ಕೂತು ಕಥೆ ಓದೋಣ ಎಂದರು. ಅದಕ್ಕೆ ಸಮ್ಮೇಳನ ಎಂದು ಹೆಸರನ್ನೂ ಇಟ್ಟರು. ಹೆಸರೇನೋ ದೊಡ್ಡದು, ಕೂರಲು ಜಾಗವಿರಲಿಲ್ಲ. ಎರಡು ಕಡೆ ಹಾಲ್ ಕೇಳಿದರು. ದೆವ್ವದ ವಿಷಯ ಎಂದು ತಿಳಿದ ಕೂಡಲೇ ಎರಡೂ ಕಡೆಯವರು ಅವತ್ತೇ ಯಾವುದೋ ನಾಮಕರಣ ಇದೆ ಎಂದುಬಿಟ್ಟರು.

ಆಗ ಜಾಗ ಕೊಟ್ಟವರು ಚಾಚಾ. ಭದ್ರಾವತಿಯಲ್ಲಿ ಅವರದೊಂದು ಹಾಸಿಗೆ ಅಂಗಡಿ, ಮೇಲೆ ಹತ್ತಿ ತುಂಬುವ ದೊಡ್ಡ ಕೋಣೆ. ಮೇಷ್ಟ್ರಿಗೆ ಹಳೆಯ ಪರಿಚಯ. "ಕುರ್ಚಿ ಇಲ್ಲ ಸಾರ್, ಹಾಸಿಗೆ ಬೇಕಾದಷ್ಟಿದೆ" ಎಂದಿದ್ದರಂತೆ. ಹಾಗಾಗಿ ನಮ್ಮದು ಬಹುಶಃ ಎಲ್ಲರೂ ಕಾಲು ಚಾಚಿಕೊಂಡು ಭಾಗವಹಿಸುವ ಏಕೈಕ ಸಾಹಿತ್ಯ ಸಮ್ಮೇಳನ. ಹೊಸ ಹಾಸಿಗೆಗಳ ಮೇಲೆ ಒರಗಿ ರಕ್ತ, ಮೂಳೆ, ಸ್ಮಶಾನ ಎಂದು ಓದುತ್ತಿದ್ದೆವು. ಮೊದಲ ವರ್ಷ ಒಬ್ಬರು ಭಯಂಕರ ಕಥೆಯ ನಡುವೆಯೇ ಗೊರಕೆ ಹೊಡೆದರು. ಆಲ್ಕೊಳ ಸರ್ಕಲ್ಲಿನಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಒಬ್ಬ ಹುಡುಗ ಪ್ರತಿ ವರ್ಷ ಬಿಳಿ ಸೀರೆ, ಉದ್ದ ವಿಗ್ಗು ಹಾಕಿಕೊಂಡು ಬರುತ್ತಿದ್ದ. ಅವನು ಬರೆಯುತ್ತಿರಲಿಲ್ಲ, ಬರೀ ಅಭಿಮಾನಿ. ಮೆಟ್ಟಿಲು ಹತ್ತುವಾಗ ಸೀರೆ ಕಾಲಿಗೆ ಸಿಕ್ಕಿ ಎರಡು ಸಲ ಬಿದ್ದದ್ದೂ ಉಂಟು. ಚಾಚಾ ಅವನನ್ನು ಎತ್ತಿ, "ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ ಬೇಟಾ. ನಮ್ಮ ಅಂಗಡೀಲಿ ಕಾಲು ಇದ್ದಷ್ಟು ಹಾಸಿಗೆ ಹೊಲಿದು ಕೊಡ್ತೀವಿ. ಸೀರೆ ಮಾತ್ರ ಅಳತೆ ನೋಡಿ ಉಡು" ಎಂದಿದ್ದರು.

ಬಾಗಿಲ ಪಕ್ಕ ಹತ್ತಿಯ ಮೂಟೆಯ ಮೇಲೆ ಕೂತು ಅವರು ಪ್ರತಿಯೊಂದು ಕಥೆಯನ್ನೂ ಕೇಳುತ್ತಿದ್ದರು. ಎಷ್ಟು ಆಸ್ಥೆಯಿಂದ ಕೇಳುತ್ತಿದ್ದರೆಂದರೆ ಓದುವವರಿಗೇ ಮುಜುಗರವಾಗುತ್ತಿತ್ತು. ಆದರೆ ಒಂದೇ ಒಂದು ಕಥೆಗೂ ಹೆದರುತ್ತಿರಲಿಲ್ಲ. ಕಥೆ ಮುಗಿದ ಮೇಲೆ ಎಲ್ಲರ ಕಣ್ಣೂ ಅವರ ಕಡೆಗೇ ಹೋಗುತ್ತಿತ್ತು. ಅವರು ಗಡ್ಡ ನೀವಿಕೊಂಡು, "ಚೆನ್ನಾಗಿದೆ. ಆದ್ರೆ ಡರ್ ಕಾಯ್ಕು? ಭಯ ಯಾಕೆ ಪಡ್ಬೇಕು? ನಿಮ್ಮ ದೆವ್ವಕ್ಕೆ ಬೇರೆ ಕೆಲಸ ಇಲ್ವಾ? ಬಂದು ಗೆಜ್ಜೆ ಸದ್ದು ಮಾಡ್ಕೊಂಡು ನಿಂತಿರತ್ತಲ್ಲ" ಎನ್ನುತ್ತಿದ್ದರು. ಎಲ್ಲರೂ ಹೋ ಎಂದು ನಗುತ್ತಿದ್ದರು. ನನಗೆ ಮಾತ್ರ ನಗು ಬರುತ್ತಿರಲಿಲ್ಲ. ಮೂರು ವರ್ಷ ಮೂರು ಕಥೆ ಓದಿದ್ದೆ. ಮೂರಕ್ಕೂ ಅದೇ ಗಡ್ಡ, ಅದೇ ಮಾತು. ನನ್ನ ಸ್ವಭಾವವೇ ಹಾಗೆ, ಸೋತರೆ ಊಟ ಸೇರುವುದಿಲ್ಲ.

ಅವರು ಹೆದರದಿರಲು ಕಾರಣವಿತ್ತು. ಯಾರಾದರೂ ತೀರಿಕೊಂಡರೆ ಅವರು ಮಲಗಿದ್ದ ಹಾಸಿಗೆಯನ್ನು ಏನು ಮಾಡುವುದೆಂದು ಮನೆಯವರಿಗೆ ತಿಳಿಯುವುದಿಲ್ಲ. ಸುಡಲು ಮನಸ್ಸಿಲ್ಲ, ಮಲಗಲು ಧೈರ್ಯವಿಲ್ಲ. ಅಂಥವು ಚಾಚಾ ಹತ್ತಿರ ಬರುತ್ತಿದ್ದವು. ಅವರು ಬಿಚ್ಚಿ, ಬಿಸಿಲಿಗೆ ಹಾಕಿ, ಹಿಂಜಿ, ಹೊಸ ಬಟ್ಟೆಗೆ ತುಂಬಿ ಕೊಡುತ್ತಿದ್ದರು. "ಸತ್ತೋರ ಹಾಸಿಗೆ ಎಷ್ಟು ಬಿಚ್ಚಿದೀನೋ ಲೆಕ್ಕ ಇಲ್ಲ. ಒಳಗೆ ಏನಿರತ್ತೆ ಬೇಟಿ? ಹತ್ತಿ. ಒಂದೆರಡು ಹೇರ್‌ಪಿನ್ನು. ಒಂದ್ಸಲ ಮಗುವಿನ ಹಾಲುಹಲ್ಲು ಸಿಕ್ತು. ತಗೊಂಡು ಹೋಗಿ ಅವರಮ್ಮನಿಗೆ ಕೊಟ್ಟೆ, ಎಷ್ಟು ಖುಷಿಪಟ್ಟಳು ಗೊತ್ತಾ!" ಎಂದಿದ್ದರು ಒಮ್ಮೆ. ಇಂಥ ಮನುಷ್ಯನನ್ನು ಹುಣಸೆಮರದ ಮೋಹಿನಿ ಹೆದರಿಸಿಯಾಳೇ?

ಮೂರನೆಯ ವರ್ಷದ ಆ ಮಧ್ಯಾಹ್ನ... ಊಟಕ್ಕೆ ಚಾಚಾ ತಮ್ಮ ತಂಗಿಯ ಮನೆಯಲ್ಲಿ ಪಲಾವ್ ಮಾಡಿಸಿದ್ದರು. ನಮ್ಮಲ್ಲಿ ಅರ್ಧ ಜನ ಸಸ್ಯಾಹಾರಿಗಳೆಂದು ಬರೀ ತರಕಾರಿಯದು. ಕೈ ತೊಳೆಯಲು ಹಿಂದಕ್ಕೆ ಹೋದಾಗ ಒಂದು ಸಣ್ಣ ಕೋಣೆ ಕಂಡಿತು. ಅವರು ಮಲಗುವ ಕೋಣೆ. ನೆಲದ ಮೇಲೆ ಇಬ್ಬರು ಮಲಗುವಷ್ಟು ಅಗಲದ ಹಾಸಿಗೆ, ಚಪ್ಪಟೆಯಾಗಿ, ಗಂಟುಗಂಟಾಗಿ ಹೋಗಿದ್ದು. "ಏನು ಚಾಚಾ, ಊರಿಗೆಲ್ಲ ಹೊಸ ಹಾಸಿಗೆ, ನಿಮಗೆ ಇದಾ?" ಎಂದು ಕಿಚಾಯಿಸಿದೆ. ಅವರು ಬಂದು ಹಾಸಿಗೆಯ ಅಂಚಿನಲ್ಲಿ ಕೂತರು. ಗೋಡೆಯ ಕಡೆಗೆ ಉದ್ದಕ್ಕೆ ಒಂದು ತಗ್ಗು ಬಿದ್ದಿತ್ತು. ಅದರಲ್ಲಿ ಅಂಗೈ ಇಟ್ಟರು.

"ಇದು ಅವಳ ಜಾಗ. ಎರಡು ವರ್ಷ ಕಾಯಿಲೆ ಬಿದ್ದು ಇಲ್ಲೇ ಮಲಗಿದ್ಲು. ಹೋಗಿ ಒಂಬತ್ತು ವರ್ಷ ಆಯ್ತು. ಹಿಂಜಿದ್ರೆ ಇದು ಹೋಗಿಬಿಡತ್ತೆ ನೋಡು, ಅದಕ್ಕೆ ಮುಟ್ಟಿಲ್ಲ. ಇಲ್ಲಿ ಕೈ ಇಟ್ರೆ ನಂಗೆ ನಿದ್ದೆ ಬರತ್ತೆ." ಆಮೇಲೆ ನಾಚಿಕೊಂಡು, "ಯಾರಿಗೂ ಹೇಳ್ಬೇಡ ಬೇಟಿ. ಮುದುಕನಿಗೆ ಹುಚ್ಚು ಅಂತ ನಗ್ತಾರೆ" ಎಂದರು.

ನಾನು ಯಾರಿಗೂ ಹೇಳಲಿಲ್ಲ. ಬರೆದೆ. ಶಿವಮೊಗ್ಗಕ್ಕೆ ವಾಪಸಾಗುವ ಬಸ್ಸಿನಲ್ಲೇ ಮೊದಲ ಸಾಲು ಹೊಳೆದಿತ್ತು. ಉಂಡ ಮನೆಯ ಜಂತೆ ಎಣಿಸುವುದು ಎನ್ನುತ್ತಾರಲ್ಲ, ನಾನು ಉಂಡ ಕೈ ಆರುವ ಮೊದಲೇ ಎಣಿಸಲು ಶುರು ಮಾಡಿದ್ದೆ. ಕಥೆಯಲ್ಲಿ ಭದ್ರಾವತಿಯನ್ನು ತರೀಕೆರೆ ಮಾಡಿದೆ, ಗಡ್ಡ ತೆಗೆದು ಮೀಸೆ ಇಟ್ಟೆ. ಇಷ್ಟು ಮಾಡಿದರೆ ನನ್ನದಾಯಿತು ಎಂದುಕೊಂಡೆ. ಕಥೆಯಲ್ಲಿ ಸತ್ತ ಹೆಂಡತಿಯ ತಗ್ಗು ದಿನದಿನಕ್ಕೂ ಆಳವಾಗುತ್ತದೆ. ಬೆಳಿಗ್ಗೆ ಮುಟ್ಟಿದರೆ ಬೆಚ್ಚಗಿರುತ್ತದೆ, ಈಗಷ್ಟೇ ಯಾರೋ ಎದ್ದು ಹೋದಂತೆ. ಮೆಲ್ಲಮೆಲ್ಲನೆ ಗಂಡನ ಕಡೆಗೆ ಸರಿಯುತ್ತ ಬರುತ್ತದೆ. ಕೊನೆಗೊಂದು ದಿನ ಅವನು ಎಂದಿನಂತೆ ಅಂಗೈ ಇಟ್ಟಾಗ, ಕೆಳಗಿನಿಂದ ಇನ್ನೊಂದು ಅಂಗೈ ಬಂದು ಅದಕ್ಕೆ ಅಂಟಿಕೊಳ್ಳುತ್ತದೆ.

ಮುಂದಿನ ವರ್ಷದ ಸಮ್ಮೇಳನದಲ್ಲಿ ಅದನ್ನು ಓದಿದೆ. ಚಾಚಾ ಹತ್ತಿಮೂಟೆಯ ಮೇಲೆ ಟೀ ಲೋಟ, ತಟ್ಟೆ ಹಿಡಿದು ಕೂತಿದ್ದರು. ಓದುತ್ತಾ ಎರಡು ಸಲ ತಲೆಯೆತ್ತಿ ನೋಡಿದೆ, ಅವರು ಗುರುತು ಹಿಡಿದರೋ ಇಲ್ಲವೋ ಎಂದಲ್ಲ, ಹೆದರಿದರೋ ಇಲ್ಲವೋ ಎಂದು. ಕೊನೆಯ ಸಾಲಿಗೆ ಬರುವಾಗ ಅವರ ಲೋಟ ತಟ್ಟೆಯ ಮೇಲೆ ಕಟಕಟ ಎಂದಿತು. "ಸಾಕು ಬೇಟಿ" ಎಂದು ಎದ್ದರು. ಆಮೇಲೆ ಇಡೀ ಕೋಣೆ ಚಪ್ಪಾಳೆ ಹೊಡೆಯಿತು. ಮೇಷ್ಟ್ರು ಶಿಳ್ಳೆ ಹಾಕಿದರು. ಬಿಳಿ ಸೀರೆಯ ಹುಡುಗ ವಿಗ್ಗು ಕಿತ್ತು ನನ್ನ ಕಾಲ ಬಳಿ ಇಟ್ಟ. ಚಾಚಾ ಮೆಟ್ಟಿಲಿಳಿದು ಹೋದದ್ದನ್ನು ನೋಡಿದೆ. ನಮಾಜಿಗೆ ಹೊತ್ತಾಗಿರಬೇಕು ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ಅನುಕೂಲವಾಗಿತ್ತು.

ಒಂದೂವರೆ ತಿಂಗಳು ಆ ಕಡೆ ತಲೆ ಹಾಕಲಿಲ್ಲ. ಲ್ಯಾಬಿನಲ್ಲಿ ಯಾರಾದರೂ ಭದ್ರಾವತಿ ಎಂದರೆ ಸಾಕು, ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಕೊನೆಗೆ ತಡೆಯಲಾರದೆ ಒಂದು ಬೆಳಿಗ್ಗೆ ರಜೆ ಹಾಕಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕ್ಷಮೆಯ ಮಾತನ್ನು ಬಾಯಿಪಾಠ ಮಾಡಿದೆ. ಚಾಚಾ ಅಂಗಡಿಯಲ್ಲಿ ಉದ್ದನೆಯ ದಬ್ಬಣ ಹಿಡಿದು ಹಾಸಿಗೆಗೆ ಹೊಲಿಗೆ ಹಾಕುತ್ತಿದ್ದರು. ನನ್ನನ್ನು ನೋಡಿ ಎಂದಿನಂತೆಯೇ ನಕ್ಕು, ಟೀ ಹೇಳಿದರು.

"ಮೇಲೆ ಹೋಗಿ ಕೈಕಾಲು ತೊಳ್ಕೊ, ಬಿಸಿಲಲ್ಲಿ ಬಂದಿದೀಯ" ಎಂದರು. ಹೋದೆ. ಸಣ್ಣ ಕೋಣೆಯಲ್ಲಿ ಹೊಸ ಹಾಸಿಗೆ ಇತ್ತು. ಒಬ್ಬರು ಮಲಗುವಷ್ಟು ಅಗಲದ್ದು, ಹಲಗೆಯಂತೆ ಸಪಾಟಾಗಿತ್ತು. ಕೆಳಗಿಳಿದು ಬಂದಾಗ ನನ್ನ ಮುಖ ನೋಡಿಯೇ ಅವರಿಗೆ ತಿಳಿಯಿತು.

"ಬಿಚ್ಚಿಬಿಟ್ಟೆ ಬೇಟಿ" ಎಂದರು, ಕೈಯ ಕೆಲಸ ನಿಲ್ಲಿಸದೆ. "ಎಂಟು ದಿನ ನೋಡ್ದೆ. ಕೈ ಇಡೋಕೆ ಹೋದ್ರೆ ನಿನ್ನ ಕಥೆ ನೆನಪಾಗ್ತಿತ್ತು, ಅವಳು ನೆನಪಾಗ್ತಿರ್ಲಿಲ್ಲ. ಅವಳನ್ನ ಕಂಡ್ರೆ ನಂಗೆ ಯಾವತ್ತೂ ಭಯ ಇರ್ಲಿಲ್ಲ. ಅವಳ ಜಾಗ ನೋಡಿ ಹೆದರ್ಕೊಂಡು ಮಲಗೋದಕ್ಕಿಂತ ಇಲ್ದೇ ಇರೋದು ವಾಸಿ ಅನ್ನಿಸ್ತು."

"ಆ ಹತ್ತಿ?"

"ಹಿಂಜಿದ ಮೇಲೆ ಯಾವ ಹತ್ತಿ ಯಾರದ್ದು? ಎಲ್ಲದರ ಜೊತೆ ಸೇರ್ತು. ಯಾರ್ಯಾರ ಮನೆಗೋ ಹೋಯ್ತು."

ಆಗ ಕ್ಷಮೆ ಕೇಳಬೇಕಿತ್ತು. ಅದಕ್ಕೆಂದೇ ಹೋದವಳು ನಾನು. ಬಾಯಿಂದ ಬಂದ ಮಾತೇ ಬೇರೆ. "ಚಾಚಾ, ನಿಜವಾಗ್ಲೂ ಭಯ ಆಯ್ತಾ?" ಎಂದು ಕೇಳಿದೆ. ಅವರು ದಬ್ಬಣ ಕೆಳಗಿಟ್ಟು ನನ್ನನ್ನೇ ನೋಡಿದರು. "ಆಯ್ತು ಬೇಟಿ. ಇಷ್ಟು ವರ್ಷದಲ್ಲಿ ನೀನೊಬ್ಳೇ" ಎಂದರು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಆ ಮಾತು ಕೇಳಿ ನನಗೆ ಸಂತೋಷವಾಯಿತು. ಎದೆಯ ಯಾವುದೋ ಮೂಲೆಯಲ್ಲಿ, ಒಂದು ಗುಟುಕು ಟೀ ಕುಡಿಯುವಷ್ಟು ಹೊತ್ತು... ವಾಪಸು ಬರುವಾಗ ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಕೂರಲಾಗಲಿಲ್ಲ. ಶಿವಮೊಗ್ಗದವರೆಗೂ ಕಂಬಿ ಹಿಡಿದು ನಿಂತೇ ಬಂದೆ.

ಆಮೇಲೂ ಚಾಚಾ ಪ್ರತಿ ವರ್ಷ ಜಾಗ ಕೊಟ್ಟರು, ಪಲಾವ್ ಮಾಡಿಸಿದರು. ಕಥೆ ಕೇಳಲು ಮಾತ್ರ ಮೇಲೆ ಬರಲಿಲ್ಲ. ಗಿರಾಕಿ ಇದ್ದಾರೆ ಎನ್ನುತ್ತಿದ್ದರು. ಭಾನುವಾರ ಮಧ್ಯಾಹ್ನ ಹಾಸಿಗೆ ಕೊಳ್ಳಲು ಯಾರು ಬರುತ್ತಾರೆ? ನಾನು ಪ್ರತಿ ಸಲವೂ ಇವತ್ತು ಹೇಳಿಬಿಡಬೇಕು ಎಂದುಕೊಂಡು ಮೆಟ್ಟಿಲಿಳಿಯುತ್ತಿದ್ದೆ, ಚಪ್ಪಲಿ ಹುಡುಕುತ್ತಿದ್ದೆ, "ಬರ್ತೀನಿ ಚಾಚಾ" ಎಂದಷ್ಟೇ ಹೇಳಿ ಬಸ್‌ಸ್ಟ್ಯಾಂಡಿನ ಕಡೆ ನಡೆಯುತ್ತಿದ್ದೆ. ಎರಡು ವರ್ಷದ ಹಿಂದೆ ಗುಂಪಿನಲ್ಲಿ ಮೇಷ್ಟ್ರ ಮೆಸೇಜು ಬಂತು, ಚಾಚಾ ಹೋಗಿಬಿಟ್ಟರು ಎಂದು. ಕೈಮುಗಿದ ಚಿತ್ರಗಳು ಸಾಲುಸಾಲಾಗಿ ಬಂದವು. ನಾನು ಟೈಪ್ ಮಾಡಿದೆ, ಅಳಿಸಿದೆ, ಮತ್ತೆ ಟೈಪ್ ಮಾಡಿದೆ. ಕೊನೆಗೆ ಏನೂ ಕಳಿಸಲಿಲ್ಲ.

ಈ ಸಲದ ಸಮ್ಮೇಳನ ಹೋದ ಭಾನುವಾರ ವಿದ್ಯಾನಗರದಲ್ಲಿ, ಮೇಷ್ಟ್ರ ಮನೆಯ ಹಜಾರದಲ್ಲೇ ನಡೆಯಿತು. ಬಾಡಿಗೆಗೆ ತಂದ ಪ್ಲಾಸ್ಟಿಕ್ ಕುರ್ಚಿಗಳು. "ಚಾಚಾ ನೆನಪಿಗೆ ನಿಮ್ಮ ಆ ಹಾಸಿಗೆ ಕಥೆ ಓದಿ. ಅವರನ್ನ ಹೆದರಿಸಿದ್ದು ನೀವೊಬ್ಬರೇ ಅಲ್ವಾ?" ಎಂದು ಮೇಷ್ಟ್ರು ವಾರದ ಮುಂಚೆಯೇ ಫೋನ್ ಮಾಡಿದ್ದರು. ಹಾಳೆಗಳನ್ನು ಒಯ್ದಿದ್ದೆ. ಎದ್ದು ನಿಂತ ಮೇಲೆ ಬಿಡಿಸಲಾಗಲಿಲ್ಲ. ಓದುವ ಬದಲು ನಡೆದದ್ದನ್ನು ಹೇಳಿದೆ. ಪಲಾವ್ ಉಂಡದ್ದು, ಅವರು ತಗ್ಗಿನಲ್ಲಿ ಕೈ ಇಟ್ಟದ್ದು, ಯಾರಿಗೂ ಹೇಳಬೇಡ ಎಂದದ್ದು, ಬಿಚ್ಚಿಬಿಟ್ಟೆ ಎಂದದ್ದು, ನಾನು ಸಂತೋಷಪಟ್ಟದ್ದು, ಎಲ್ಲವನ್ನೂ ಹೇಳಿದೆ. ಹೇಳಿ ಮುಗಿಸಿದಾಗ ಚಪ್ಪಾಳೆ ಶುರುವಾಯಿತು. ಅದು ನಿಲ್ಲಲೇ ಇಲ್ಲ.

ಆಲ್ಕೊಳದ ಹುಡುಗ ಸೀರೆ ಎತ್ತಿ ಹಿಡಿದು ಓಡಿ ಬಂದ. ಈಗ ಅವನಿಗೆ ಹೊಟ್ಟೆ ಬಂದಿದೆ.

"ಮೇಡಂ, ಮೊದಲ್ನೇದಕ್ಕಿಂತ ಈ ಪಾರ್ಟ್ ಟೂ ಸೂಪರ್. ಆ ಹತ್ತಿ ಯಾರ್ಯಾರ ಮನೆಗೋ ಹೋಯ್ತು ಅಂದ್ರಲ್ಲ, ಜುಮ್ ಅಂತು ನನಗೆ!"

"ಇದು ಕಥೆ ಅಲ್ಲ ಮಾರಾಯ. ನಡೆದಿದ್ದು."

"ಹಾಂ, ಹಾಗೇ ಹೇಳ್ಬೇಕು ಮೇಡಂ. ಕೊನೇವರೆಗೂ ಬಿಟ್ಟುಕೊಡಬಾರದು" ಎಂದು ಕಣ್ಣು ಹೊಡೆದ.

ಮೇಷ್ಟ್ರ ಕಡೆ ನೋಡಿದೆ. ಅವರೂ ಹೆಬ್ಬೆರಳು ಎತ್ತಿ ತೋರಿಸುತ್ತಿದ್ದರು. ಇಲ್ಲ, ಇದು ಕಥೆಯಲ್ಲ ಎಂದು ಇನ್ನೊಮ್ಮೆ ಹೇಳಿದೆ, ಸ್ವಲ್ಪ ಜೋರಾಗಿಯೇ. ಅದಕ್ಕೂ ಚಪ್ಪಾಳೆ ಬಿತ್ತು. ನನ್ನ ಪರವಾಗಿ ಸಾಕ್ಷಿ ಹೇಳಬಹುದಾಗಿದ್ದ ಒಬ್ಬರೇ ಒಬ್ಬರು ಭದ್ರಾವತಿಯ ಮಣ್ಣಿನಲ್ಲಿದ್ದಾರೆ. ಕುರ್ಚಿಗೆ ಹೋಗಿ ಕೂತೆ. ಮತ್ತೆ ಎದ್ದೆ.