ತೊಗರಿಬೇಳೆಯಷ್ಟು ಕುಂಕುಮ

ನಮ್ಮ ಬೀದಿಯ ಅರ್ಧದಷ್ಟು ಜನ ಈಗ ಆಯಿಲ್ ಪೇಂಟಿಂಗ್‌ಗಳಾಗಿದ್ದಾರೆ. ಕಾರಣ ನಾನೇ.

ಡಿಜಿಟಲ್ ಕ್ಯಾಮೆರಾ ಕೊಂಡು ನಾಲ್ಕು ತಿಂಗಳಾಯಿತು. ಅದೇ ಸಮಯಕ್ಕೆ ಸ್ನೇಹಿತನೊಬ್ಬ ಒಂದು ಸಿ.ಡಿ. ಕೊಟ್ಟ. ಅದರಲ್ಲಿ ಫೋಟೊ ಎಡಿಟ್ ಮಾಡುವ ಸಾಫ್ಟ್‌ವೇರ್ ಇತ್ತು (ಅವನಿಗೆ ಎಲ್ಲಿಂದ ಸಿಕ್ಕಿತು ಎಂದು ನಾನು ಕೇಳಲಿಲ್ಲ, ನೀವೂ ಕೇಳಬೇಡಿ). ಅಲ್ಲಿಂದ ಶುರುವಾಯಿತು ನೋಡಿ ಹುಚ್ಚು. ಗಾಂಧಿಬಜಾರಿನ ಸೇವಂತಿಗೆ ರಾಶಿಯನ್ನು ನೀಲಿ ಮಾಡಿದೆ. ನಮ್ಮ ಚಾಮರಾಜಪೇಟೆಯ ಹಳೇ ಮನೆಗಳನ್ನೆಲ್ಲ ಪೆನ್ಸಿಲ್ ಸ್ಕೆಚ್ ಮಾಡಿದೆ. ಎದುರುಮನೆಯ ನಿವೃತ್ತ ಹೆಡ್‌ಮಾಸ್ಟರಿಗೆ ತಲೆ ತುಂಬ ಕೂದಲು ಕೊಟ್ಟೆ. ಬೈಯುತ್ತಾರೆ ಅಂದುಕೊಂಡರೆ, "ಇನ್ನೊಂದು ನಾಲ್ಕು ಕಾಪಿ ಹಾಕ್ಸಿಬಿಡಪ್ಪ, ಸೀನಿಯರ್ ಸಿಟಿಜನ್ ಕಾರ್ಡಿಗೆ ಬೇಕು" ಅಂದರು.

"ಮನೆ ಗೋಡೆಗೆ ಸುಣ್ಣ ಹೊಡೆಸಿ ಆರು ವರ್ಷ ಆಯ್ತು. ಫೋಟೋದಲ್ಲಿ ಮಾತ್ರ ದಿನಾ ಬಣ್ಣ ಬದಲಾಯಿಸ್ತೀರಿ" ಎಂದು ನನ್ನ ಹೆಂಡತಿ ಸುಧಾ ಚುಚ್ಚಿದಳು. ನಾನು ಕೇಳಿಸಿಕೊಳ್ಳಲಿಲ್ಲ.

ಹೀಗಿರುವಾಗ ಶಾರದತ್ತೆ ಒಂದು ಆರ್ಡರ್ ಕೊಟ್ಟರು.

ಶಾರದತ್ತೆ ನನ್ನ ಅಪ್ಪನ ತಂಗಿ. ವಯಸ್ಸು ಎಪ್ಪತ್ತಾರು. ಮೂವತ್ತೊಂದಕ್ಕೇ ಗಂಡನನ್ನು ಕಳೆದುಕೊಂಡು ಅಣ್ಣನ ಮನೆಗೆ, ಅಂದರೆ ನಮ್ಮ ಮನೆಗೆ, ಬಂದವರು. ಪ್ರೈಮರಿ ಸ್ಕೂಲಿನಲ್ಲಿ ಟೀಚರಾಗಿ ರಿಟೈರ್ ಆದರು. ನನಗೆ ಮಗ್ಗಿ ಕಲಿಸಿದ್ದು ಅವರು, ಕಿವಿ ಹಿಂಡಿದ್ದೂ ಅವರೇ. ನಾನು ಬರೆಯುವ ಈ ಅಂಕಣವನ್ನು ಪ್ರತಿ ವಾರ ಕೆಂಪು ಪೆನ್ನು ಹಿಡಿದು ಓದುವ ಏಕೈಕ ಓದುಗರೂ ಅವರೇ.

ಹೋದ ತಿಂಗಳು ಬಂಧುಗಳೊಬ್ಬರ ವೈಕುಂಠ ಸಮಾರಾಧನೆಗೆ ಹೋಗಿದ್ದೆವು. ಕುರ್ಚಿಯ ಮೇಲೆ ಹಾರ ಹಾಕಿ ಇಟ್ಟಿದ್ದ ಫೋಟೊ ನೋಡಿ ಅತ್ತೆ ಬೆಚ್ಚಿಬಿದ್ದರು. ಮನೆಯವರಿಗೆ ಬೇರೆ ಯಾವುದೂ ಸಿಗದೆ ಬಸ್ ಪಾಸಿನ ಫೋಟೊವನ್ನೇ ದೊಡ್ಡದು ಮಾಡಿಸಿದ್ದರು. ಪಾಪ, ಹೋದವರ ಕೆನ್ನೆಯ ಮೇಲೆ ಅರ್ಧ ಸೀಲು ಹಾಗೇ ಇತ್ತು.

ಆಟೋದಲ್ಲಿ ಬರುತ್ತ ಅತ್ತೆ ಹೇಳಿದರು, "ನೋಡೋ ರಾಜು, ನಂದು ಹಾಗಾಗಬಾರ್ದು. ಈ ಭಾನುವಾರಾನೇ ತೆಗೆದ್ಬಿಡು. ನಾನೇ ನೋಡಿ ಪಾಸ್ ಮಾಡ್ತೀನಿ."

ತನ್ನ ಸಾವಿನ ಫೋಟೊವನ್ನು ತಾನೇ ಪಾಸ್ ಮಾಡುವುದು! ನನಗೆ ಹೇಗೋ ಆಯಿತು. ಆದರೆ ಅವರಿಗೆ ಎದುರಾಡಿ ಅಭ್ಯಾಸವಿಲ್ಲ.

ಭಾನುವಾರ ಬೆಳಿಗ್ಗೆ ಜಗಲಿಯಲ್ಲಿ ಕೂರಿಸಿ ಹತ್ತು ಫೋಟೊ ತೆಗೆದೆ. ಅತ್ತೆ ಬೂದು ಬಣ್ಣದ ರೇಷ್ಮೆ ಸೀರೆ ಉಟ್ಟಿದ್ದರು. ಆಮೇಲೆ ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕುಳಿತರು. ನಾನು ಸೀರೆ ಅಂಗಡಿಯವನ ಉತ್ಸಾಹದಲ್ಲಿ ಒಂದೊಂದೇ ಎಫೆಕ್ಟ್ ಬಿಚ್ಚಿ ತೋರಿಸಿದೆ. ಹಳೇ ಫೋಟೊದಂಥ ಕಂದು, ಸೆಪಿಯಾ? ಬೇಡ. ಪೆನ್ಸಿಲ್ ಸ್ಕೆಚ್? ಬೇಡ. ಹಿಂದುಗಡೆ ಹಿಮಾಲಯ? "ಕಾಶಿಗೇ ಹೋಗಿಲ್ಲ, ಹಿಮಾಲಯ ಯಾಕೆ?"

ಕೇಳದೆಯೇ ಹಣೆಯ ಸುಕ್ಕುಗಳನ್ನು ಒರೆಸಿದೆ. ಒಂದೇ ಕ್ಷಣದಲ್ಲಿ ಹದಿನೈದು ವರ್ಷ ಹೋಯಿತು.

"ಅದನ್ನ ವಾಪಸ್ ಹಾಕು" ಎಂದರು ಅತ್ತೆ. "ಎಷ್ಟು ಮಕ್ಕಳಿಗೆ ಪಾಠ ಹೇಳಿ ಬಂದಿರೋ ಗೆರೆ ಅದು."

ವಾಪಸ್ ಹಾಕಿದೆ.

ಆಮೇಲೆ ಅಡುಗೆಮನೆಯ ಕಡೆ ಒಮ್ಮೆ ತಿರುಗಿ ನೋಡಿದರು. ಸುಧಾ ಕುಕ್ಕರ್ ಇಡುತ್ತಿದ್ದಳು. "ಬಾಗಿಲು ಸ್ವಲ್ಪ ಮುಂದೆ ಮಾಡು" ಎಂದರು. ಮಾಡಿದೆ.

"ಇದರಲ್ಲಿ ಕುಂಕುಮ ಇಡಕ್ಕಾಗತ್ತಾ?"

ನನಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ಕೈ ಮೌಸ್ ಕಡೆ ಹೋಯಿತು. ಇಂಥ ಹೊತ್ತಿನಲ್ಲಿ ಗಂಡಸರು ಏನು ಮಾಡುತ್ತೇವೆ? ಟೆಕ್ನಿಕಲ್ ಮಾತಾಡುತ್ತೇವೆ. "ಓ, ಸುಲಭ ಅತ್ತೆ. ಎರಡು ನಿಮಿಷದ ಕೆಲಸ" ಎಂದೆ.

ಗೋಡೆಯ ಮೇಲಿನ ಅಮ್ಮನ ಫೋಟೊ ಹಿಂದೆಯೇ ಸ್ಕ್ಯಾನ್ ಮಾಡಿಟ್ಟಿದ್ದೆ. ಅಮ್ಮ ಅಪ್ಪನಿಗಿಂತ ಮೊದಲೇ ಹೋದವಳು, ಮುತ್ತೈದೆಯಾಗಿ. ಹಣೆಯಲ್ಲಿ ರೂಪಾಯಿಯಗಲ ಕುಂಕುಮ. ಅದನ್ನೇ ಕಾಪಿ ಮಾಡಿ ಅತ್ತೆಯ ಹಣೆಗೆ ಪೇಸ್ಟ್ ಮಾಡಿದೆ. ನಿಜವಾಗಿಯೂ ಎರಡೇ ನಿಮಿಷ. ನನ್ನ ಜಾಣತನಕ್ಕೆ ನಾನೇ ಬೀಗಿದೆ.

ಅತ್ತೆ ಕನ್ನಡಕ ಸರಿ ಮಾಡಿಕೊಂಡು ನೋಡಿದರು.

"ಇದು ಅತ್ತಿಗೆ ಕುಂಕುಮ ಕಣೋ."

ನನ್ನ ಮುಖ ಸಪ್ಪೆಯಾಯಿತು. ನಲವತ್ತೈದು ವರ್ಷದ ಮೇಲೆ ಕೇಳಿದ ಒಂದು ವಸ್ತು. ಅದನ್ನೂ ನಾನು ಇನ್ನೊಬ್ಬರ ಹಣೆಯಿಂದ ಎತ್ತಿ ಕೊಟ್ಟಿದ್ದೆ. ಅವರದ್ದು ಹೇಗಿತ್ತು ಅಂತ ಕೇಳಬೇಕು ಎಂದೇ ನನಗೆ ಹೊಳೆದಿರಲಿಲ್ಲ.

ಈಗ ಕೇಳಿದೆ. "ನಿಮ್ಮದು ಹೇಗಿತ್ತು ಅತ್ತೆ?"

"ಚಿಕ್ಕದು. ತೊಗರಿಬೇಳೆಯಷ್ಟು. ಮೊದಲು ಮೇಣ ಹಚ್ಚಿ, ಅದರ ಮೇಲೆ ಕುಂಕುಮ. ಸಾಯಂಕಾಲದ ತನಕ ಒಂದು ಚೂರೂ ಉದುರ್ತಿರ್ಲಿಲ್ಲ." ಹೇಳುತ್ತ ಹೇಳುತ್ತ ಅವರ ಬಲಗೈ ತಾನಾಗಿಯೇ ಮೇಲೆದ್ದಿತು. ಉಂಗುರದ ಬೆರಳು ಹಣೆಯ ಹತ್ತಿರ ಹೋಯಿತು. ಇನ್ನೊಂದು ಅಂಗುಲ ಇರುವಾಗ ನಿಂತುಬಿಟ್ಟಿತು. ಕೈಗೆ ದಾರಿ ಗೊತ್ತಿತ್ತು, ಎಲ್ಲಿ ನಿಲ್ಲಬೇಕೆಂಬುದೂ ಗೊತ್ತಿತ್ತು. ಅತ್ತೆ ಆ ಬೆರಳನ್ನು ಹಾಗೇ ಮುಂದಕ್ಕೆ ಚಾಚಿ ಮಾನಿಟರಿನ ಗಾಜಿನ ಮೇಲೆ ಇಟ್ಟರು.

"ಇಲ್ಲಿ."

ಆಮೇಲೆ ಅರ್ಧ ಗಂಟೆ ಹಿಡಿಯಿತು. ಸಾಫ್ಟ್‌ವೇರಿನಲ್ಲಿ ಲಕ್ಷಗಟ್ಟಲೆ ಬಣ್ಣಗಳಿವೆಯಂತೆ. ಅತ್ತೆಗೆ ಬೇಕಾದ ಕೆಂಪು ಬೇಗ ಸಿಗಲಿಲ್ಲ. "ಇಷ್ಟು ಕೆಂಪಲ್ಲ, ಸ್ವಲ್ಪ ಕಪ್ಪು ಸೇರ್ಬೇಕು." "ಒಂದು ಕೂದಲಷ್ಟು ಕೆಳಗೆ." "ಅಂಚು ಅಷ್ಟು ನೀಟಾಗಿರ್ಬಾರ್ದು, ಬೆರಳಲ್ಲಿ ಇಟ್ಟಿದ್ದಲ್ವಾ?" ನಾನು ಮೌಸ್ ಆಡಿಸುತ್ತಿದ್ದೆ, ಅವರು ಹೇಳುತ್ತಿದ್ದರು. ಕಡೆಗೆ ಒಂದು ಕಡೆ ಅದು ಕೂತುಕೊಂಡಿತು. ಅವರು ಹೇಳುವ ಮೊದಲೇ ನನಗೂ ಗೊತ್ತಾಯಿತು.

ಅತ್ತೆ ಬಹಳ ಹೊತ್ತು ನೋಡಿದರು. "ಹ್ಞಾ. ಇದು ನಾನು" ಎಂದರು.

ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಆದರೆ ನಾನು ಅಂಕಣಕಾರ. ಪ್ರಗತಿಪರ ಬೇರೆ. ವಿಧವೆಯರಿಗೆ ಕುಂಕುಮ ಏಕೆ ಬೇಡ ಎಂದು ಇದೇ ಜಾಗದಲ್ಲಿ ಗುಡುಗಿದ್ದೇನೆ (ನಿಮ್ಮಲ್ಲಿ ಹಲವರು ಮೆಚ್ಚಿ ಕಾಗದ ಬರೆದಿದ್ದಿರಿ). ಆ ಗತ್ತಿನಲ್ಲೇ ಹೇಳಿದೆ, "ಫೋಟೋದಲ್ಲಿ ಯಾಕೆ ಅತ್ತೆ, ನಿಜವಾಗ್ಲೂ ಇಟ್ಕೊಳ್ಳಿ. ಈ ಕಾಲದಲ್ಲಿ ಯಾರು ಏನಂತಾರೆ?"

ಅತ್ತೆ ನನ್ನ ಕಡೆ ತಿರುಗಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಲೆಕ್ಕ ತಪ್ಪಿದ ಹುಡುಗನಿಗೆ ಹೇಳುವ ತಾಳ್ಮೆಯಿತ್ತು.

"ಆ ಲೇಖನ ಓದಿದ್ದೆ. ಚೆನ್ನಾಗಿತ್ತು. ಎರಡು ಕಡೆ ಕಾಗುಣಿತ ತಪ್ಪಿತ್ತು, ಅಷ್ಟೆ. ರಾಜು, ಅಣ್ಣ ಇದ್ದಾಗ ಆಗ್ತಿರ್ಲಿಲ್ಲ, ಸರಿ. ಅಣ್ಣ ಹೋಗಿ ಹನ್ನೆರಡು ವರ್ಷ ಆಯ್ತು. ಶುಕ್ರವಾರ ಬಂದೋರಿಗೆಲ್ಲ ನಿನ್ನ ಹೆಂಡ್ತಿ ಅರಿಶಿನ ಕುಂಕುಮ ಕೊಡ್ತಾಳೆ. ಪಾಪ, ಒಳ್ಳೇ ಹುಡುಗಿ. ನಾನು ಅಡುಗೆಮನೇಲಿ ಕೋಸಂಬರಿ ಕಲಸ್ತಿರ್ತೀನಿ. ಒಂದು ಸಲಾನಾದ್ರೂ ಆ ಬಟ್ಟಲು ಒಳಗೆ ಬಂತಾ?"

ಬಟ್ಟಲು ಬಂದಿರಲಿಲ್ಲ. ಬೇಡ ಎಂದು ಯಾರೂ ಹೇಳಿರಲಿಲ್ಲ. ಕೊಡಿ ಎಂದೂ ಯಾರೂ ಹೇಳಿರಲಿಲ್ಲ. ಅತ್ತೆ ಹಬ್ಬದ ದಿನ ಅಡುಗೆಮನೆಯಲ್ಲೇ ಇರುತ್ತಾರೆ, ಅವರಿಗೆ ಅದು ಇಷ್ಟ ಎಂದುಕೊಂಡಿದ್ದೆವು. ಇಡೀ ಊರಿನ ಮುಖಗಳಿಗೆ ಬಗೆಬಗೆಯ ಎಫೆಕ್ಟ್ ಹಾಕಿ ನೋಡಿದ ನಾನು, ದಿನಾ ಕಾಫಿ ಕೊಡುವ ಈ ಮುಖವನ್ನು ಮಾತ್ರ ಸರಿಯಾಗಿ ನೋಡಿರಲಿಲ್ಲ. ನಾಚಿಕೆಯಾಯಿತು. ಈಗಲೂ ಆಗುತ್ತಿದೆ.

ಮರುದಿನ ಫೋಟೊ ಹಾಕಿದ ಸಿ.ಡಿ. ಹಿಡಿದು ಕಲರ್ ಲ್ಯಾಬಿಗೆ ಹೋದೆ. ದೊಡ್ಡ ಪ್ರಿಂಟು ಕೇಳಿದ ಕೂಡಲೇ ಅಲ್ಲಿನವನು, "ಹಾರ, ದೀಪ ಎಲ್ಲ ನಾವೇ ಸೇರಿಸ್ತೀವಿ ಸಾರ್, ರೆಡಿ ಇದೆ" ಎಂದ. "ಬೇಡಪ್ಪ, ಅವರು ಮನೇಲಿ ಚಪಾತಿ ಲಟ್ಟಿಸ್ತಿದಾರೆ" ಎಂದೆ. ಪಾಪ, ಗಾಬರಿಯಾದ.

ಫ್ರೇಮ್ ಹಾಕಿಸಿದ ಫೋಟೊವನ್ನು ಅತ್ತೆ ತಮ್ಮ ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟುಕೊಂಡರು. "ಆ ದಿನ ಬಂದೋರು ಯಾರಾದ್ರೂ ಇದನ್ನ ತೆಗೀರಿ ಅಂದ್ರೆ?" ಎಂದು ಕೇಳಿದರು. "ಅವರನ್ನೇ ಹೊರಗೆ ಕಳಿಸ್ತೀನಿ" ಎಂದೆ. ನಂಬಿದರೋ ಇಲ್ಲವೋ ಗೊತ್ತಿಲ್ಲ. ನಂಬುವಂಥದ್ದೇನನ್ನೂ ನಾನು ಈವರೆಗೆ ಮಾಡಿಲ್ಲವಲ್ಲ.

ಅಂದು ಸಂಜೆ ಸುಧಾಗೆ ಎಲ್ಲ ಹೇಳಿದೆ. ಅವಳು ಅತ್ತಳು. ಆಮೇಲೆ, "ಈ ಶುಕ್ರವಾರ ಬಟ್ಟಲು ಒಳಗೆ ತಗೊಂಡು ಹೋಗ್ತೀನಿ" ಅಂದಳು.

"ಬೇಡ ಅಂದ್ಬಿಟ್ರೆ?"

"ಬೇಡ ಅನ್ನೋಕಾದ್ರೂ ಯಾರಾದ್ರೂ ಕೇಳ್ಬೇಕಲ್ವಾ ರೀ?"

ನನ್ನ ಕಂಪ್ಯೂಟರ್ ಟೇಬಲ್ಲಿನಿಂದ ದೇವರ ಮನೆಯ ಕುಂಕುಮದ ಬಟ್ಟಲಿಗೆ ಹನ್ನೊಂದು ಹೆಜ್ಜೆ. ಆ ರಾತ್ರಿ ನಿದ್ದೆ ಬಾರದೆ ಮಲಗಿದಲ್ಲೇ ಎಣಿಸಿದೆ.

ಮೊನ್ನೆ ಶುಕ್ರವಾರ ಹಾಲ್‌ನಲ್ಲಿ ಅಕ್ಕಪಕ್ಕದ ನಾಲ್ಕೈದು ಹೆಂಗಸರು ಕೂತಿದ್ದರು. ಎಲ್ಲರಿಗೂ ಕುಂಕುಮ ಕೊಟ್ಟು ಮುಗಿಸಿದ ಸುಧಾ, ಬಟ್ಟಲನ್ನು ದೇವರ ಮನೆಗೆ ವಾಪಸ್ ಇಡಲಿಲ್ಲ. ನೇರ ಅಡುಗೆಮನೆಗೆ ನಡೆದಳು. ಹಾಲ್‌ನಲ್ಲಿ ಮಾತು ನಿಂತಿತು. ನಾನು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡು ಕಿವಿ ಮಾತ್ರ ಒಳಗಿಟ್ಟಿದ್ದೆ.

"ತಗೊಳ್ಳಿ ಅತ್ತೆ."

ನಲ್ಲಿಯಲ್ಲಿ ಕೈ ತೊಳೆದ ಸದ್ದು.

"ಬೇಡ ಕಣಮ್ಮ, ಇವತ್ತು ಧೈರ್ಯ ಸಾಲ್ತಿಲ್ಲ" ಎಂದರು ಅತ್ತೆ. ಸುಧಾ ಹೊರಟ ಹೆಜ್ಜೆಸದ್ದು ಕೇಳಿಸಿತು. ಅವಳು ಹೊಸಿಲು ದಾಟುವಷ್ಟರಲ್ಲಿ ಒಳಗಿನಿಂದ ಮತ್ತೆ ಅದೇ ದನಿ ಬಂತು:

"ಮುಂದಿನ ವಾರಾನೂ ಕೇಳು."