ಲೇತಿನ ಮೇಲೆ ಬಂದ ಅಪವಾದ

ತನ್ನ ಲೇತು, ಅಂದರೆ ಲೋಹ ಕಡೆಯುವ ಯಂತ್ರ, ಪಕ್ಕದ ಕೋಣೆಯನ್ನು ಅಲುಗಿಸುತ್ತದೆ ಎಂದ ಮುಖ್ಯಸ್ಥನ ಮೇಲಿನ ಸಿಟ್ಟು ಕೆಂಡಣ್ಣನಿಗೆ ಇವತ್ತಿಗೂ ಆರಿಲ್ಲ. ತನ್ನನ್ನು ಬೈದರೆ ತಿರುಗಿ ಬೈದು ಮರೆತಾನು, ಲೇತನ್ನು ಬೈದರೆ ಮರೆಯುವ ಆಸಾಮಿಯಲ್ಲ. "ನನ್ನನ್ನ ಕಟ್ಕೊಳ್ಳೋ ಮೊದ್ಲೇ ಇವರಿಗೆ ಲೇತಿನ ಜೊತೆ ಮದುವೆಯಾಗಿತ್ತು" ಎಂದು ಹೆಂಡತಿ ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು. ಕೆಂಡಣ್ಣ ಎಂಬ ಹೆಸರೂ ಅವನ ಮೂಗಿನ ತುದಿಯ ಸಿಟ್ಟಿಗೆ ಜನ ಇಟ್ಟದ್ದೇ.

ವಿಜ್ಞಾನ ಸಂಸ್ಥೆಯೊಂದರ ನೆಲಮಹಡಿಯಲ್ಲಿ ಅವನು ಟರ್ನರ್. ಹಿತ್ತಾಳೆಯ ಬಿಲ್ಲೆಯೋ ಉಕ್ಕಿನ ತಿರುಪೋ, ಚಿತ್ರ ಬರೆದು ಕೊಟ್ಟರೆ ಕಡೆದು ಕೊಡುತ್ತಿದ್ದ. ಗೋಡೆಯಾಚೆ, ಎಲ್ಲರೂ ಮೇಡಂ ಎನ್ನುತ್ತಿದ್ದ ವಿಜ್ಞಾನಿಯ ಪ್ರಯೋಗದ ಕೋಣೆ. ಎರಡು ಚಿನ್ನದ ಮೊನೆಗಳ ನಡುವೆ ಒಂದೇ ಒಂದು ಅಣುವನ್ನು ಸಿಕ್ಕಿಸಿ, ಅದರ ಮೂಲಕ ಎಷ್ಟು ಕರೆಂಟು ಹರಿಯುತ್ತದೆ ಎಂದು ಅಳೆಯುವುದು ಆಕೆಯ ಕೆಲಸ. ಕಣ್ಣಿಗೆ ಕಾಣದ ಆ ವಸ್ತುವಿಗೆ ಉಸಿರು ತಾಗಿದರೂ ಕಷ್ಟ. ಅದಕ್ಕೇ ಅಳತೆ ಶುರುವಾಗುವಾಗ ಆಕೆ ಗೋಡೆ ತಟ್ಟಿದರೆ ಇವನು ಲೇತು ನಿಲ್ಲಿಸಬೇಕು.

"ಮೇಡಂ, ನಾನು ಉಸಿರಾಡ್ಬಹುದಾ, ಇಲ್ಲ ಅದನ್ನೂ ಬಂದ್ ಮಾಡ್ಬೇಕಾ?" ಎಂದು ಗೋಡೆಗೆ ಬಾಯಿಟ್ಟು ಕೂಗುತ್ತಿದ್ದ.

"ಮೆಲ್ಲಗೆ ಆಡಿ ಅಣ್ಣಾ, ನನ್ನ ಅಣು ಬೆಚ್ಚಿಬೀಳುತ್ತೆ!"

ಹೀಗೆ ನಗುನಗುತ್ತ ನಡೆಯುತ್ತಿದ್ದ ಕೆಲಸಕ್ಕೆ ಕಲ್ಲು ಬಿತ್ತು. ಅದೇ ಅಣು, ಅದೇ ಚಿನ್ನ. ಕರೆಂಟು ಮಾತ್ರ ಒಮ್ಮೆ ಕಡಿಮೆ, ಇನ್ನೊಮ್ಮೆ ಅದರ ಎಷ್ಟೋ ಪಟ್ಟು. ಮುಖ್ಯಸ್ಥ ಇಳಿದು ಬಂದು ಕೇಳಿದ: "ಪಕ್ಕದಲ್ಲಿ ಈ ಹಳೇ ಗಡಗಡ ಇಟ್ಕೊಂಡ್ರೆ ಇನ್ನೇನಾಗುತ್ತೆ? ಲೇತೇ ಅಲುಗಿಸ್ತಿದೆ. ಅಲ್ವೇನಮ್ಮ?"

ಮೇಡಂ ತಲೆ ತಗ್ಗಿಸಿ, "ಇರಬಹುದು ಸರ್" ಎಂದಳು.

"ನೀವು ತಟ್ಟಿದಾಗ ನಾನು ನಿಲ್ಸಿಲ್ವಾ? ಇವರ ಮುಂದೆ ಬಾಯಿಬಿಟ್ಟು ಹೇಳಿ ಮೇಡಂ!" ಕೆಂಡಣ್ಣನ ಕೂಗಿಗೆ ಕಾರಿಡಾರಿನಲ್ಲಿದ್ದವರೆಲ್ಲ ಇಣುಕಿದರು. ಆಕೆ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಲೇತನ್ನು ಹಿತ್ತಲ ಶೆಡ್ಡಿಗೆ ಎಳೆದು ಹಾಕಿದರು. ಎಳೆದ ರಭಸಕ್ಕೆ ಅದರ ಮೈ ತಿರುಚಿ, ಏನು ಕಡೆದರೂ ಒಂದು ತುದಿ ದಪ್ಪ, ಒಂದು ತುದಿ ಸಣ್ಣ. ಕಡೆಗೆ ಅದು ಗುಜರಿಗೆ ಹೋಯಿತು. ಕೆಂಡಣ್ಣನನ್ನು ಉಗ್ರಾಣದಲ್ಲಿ ಬಲ್ಬು, ಪೊರಕೆ ಹಂಚಲು ಕೂರಿಸಿದರು. ಅವತ್ತಿನಿಂದ ಅವನು ಮೇಡಂ ಮುಖ ನೋಡುವುದನ್ನೇ ಬಿಟ್ಟ. ಆಕೆ ಬಂದರೆ ಕೇಳಿದ್ದನ್ನು ಮೇಜಿನ ಮೇಲೆ ಕುಕ್ಕಿ, ಆಕೆಯ ಕೈ ನೋಡಿಕೊಂಡೇ ಕಳಿಸುತ್ತಿದ್ದ.

ಎಷ್ಟೋ ತಿಂಗಳ ಮೇಲೆ ಒಂದು ಮಧ್ಯಾಹ್ನ ಆಕೆ ಬರಿಗೈಯಲ್ಲಿ ಬಂದಳು.

"ಅಣ್ಣಾ, ತಪ್ಪು ಲೇತಿಂದಲ್ಲ. ಲೇತು ಹೋದ್ಮೇಲೂ ಕರೆಂಟು ಹಾಗೇ ಜಿಗೀತಿತ್ತು."

ಅಂಗೈಗಳನ್ನು ಎದುರುಬದುರು ಹಿಡಿದು ನಡುವೆ ಮೇಜಿನ ಮೇಲಿದ್ದ ಪೆನ್ಸಿಲ್ ಸಿಕ್ಕಿಸಿದಳು. "ಇದು ಅಣು ಅಂದ್ಕೊಳ್ಳಿ. ಮೊನೆಗಳನ್ನ ದೂರ ಎಳೆದ್ರೆ ನೆಟ್ಟಗೆ ನಿಲ್ಲುತ್ತೆ, ತುದಿ ಮಾತ್ರ ಚಿನ್ನಕ್ಕೆ ತಾಗುತ್ತೆ, ಕರೆಂಟು ಕಡಿಮೆ. ಹತ್ತಿರ ಒತ್ತಿದ್ರೆ ವಾಲುತ್ತೆ, ಪಕ್ಕೆಯೂ ತಾಗುತ್ತೆ, ಕರೆಂಟು ಜಾಸ್ತಿ. ಒತ್ತಿ, ಎಳೆದು, ಮತ್ತೆ ಮತ್ತೆ ನೋಡ್ದೆ. ಅದು ನಿಲ್ಲೋ ರೀತಿಯಲ್ಲೇ ಎಲ್ಲ ಇರೋದು. ಅವತ್ತು ನಾನು ಹಾಗನ್ನಬಾರದಿತ್ತು. ಎಲ್ಲರ ಮುಂದೆ ಹೇಳ್ತೀನಿ. ನನ್ನನ್ನ ಕ್ಷಮಿಸ್ತೀರಾ?"

ಕೆಂಡಣ್ಣನ ಎದೆಯೊಳಗೆ ಏನೋ ಕರಗಿತು. ಆದರೆ ಅವನ ಬಾಯಿ ಅವನ ಮಾತು ಕೇಳಬೇಕಲ್ಲ.

"ಲೇತು ಗುಜರಿಗೆ ಹೋದ್ಮೇಲೆ ನಿಮ್ಮ ಅಣು ವಾಲಿದ್ರೆಷ್ಟು, ಮಲಗಿದ್ರೆಷ್ಟು? ಯೋಚ್ನೆ ಮಾಡಿ ಹೇಳ್ತೀನಿ."

"ಬೈದ್ರೂ ಪರವಾಗಿಲ್ಲ. ಏನಾದ್ರೂ ಹೇಳಿ ಅಣ್ಣಾ."

"ಹೇಳ್ತೀನಿ ಅಂದ್ನಲ್ಲ!"

ಮೇಜಿಗೆ ಕೈಯೂರಿ ಕೊಂಚ ಹೊತ್ತು ನಿಂತಿದ್ದು, ಆಕೆ ಹೋದಳು. ಆ ವಾರದ ಸಭೆಯಲ್ಲಿ ಎದ್ದು ನಿಂತು, ಲೇತಿನದೇನೂ ತಪ್ಪಿರಲಿಲ್ಲ, ತಪ್ಪು ತನ್ನದು ಎಂದಳಂತೆ. ಕರೆದಿದ್ದರೂ ಕೆಂಡಣ್ಣ ಹೋಗಿರಲಿಲ್ಲ.

"ಒಂದು ಹೂಂ ಅಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?" ಎಂದಳು ಹೆಂಡತಿ.

"ಅವರೂ ಸ್ವಲ್ಪ ಕಾಯ್ಲಿ. ನಾನು ಕಾದಿಲ್ವಾ?"

ಹೂಂ ಅನ್ನುವುದೆಂದು ಅವನು ಆಗಲೇ ನಿಶ್ಚಯಿಸಿಯಾಗಿತ್ತು. ಮೊದಲು ನಾಲ್ಕು ಮಾತು ಬೈಯುವುದು, ಆಮೇಲೆ ಹೂಂ. ಬೈಗುಳ ಕೂಡ ಸಿದ್ಧವಿತ್ತು. ಆದರೆ ಮೇಡಂ ಉಗ್ರಾಣದ ಕಡೆ ಮತ್ತೆ ಸುಳಿಯಲಿಲ್ಲ. ಓಹೋ, ಇವರಿಗೂ ಜಂಭ ಬಂತು ಎಂದುಕೊಂಡ.

"ಎಲ್ಲಪ್ಪ ನಿಮ್ಮ ಮೇಡಂ? ಅಣು ಜೊತೆ ಅವರೂ ವಾಲಿಬಿಟ್ರಾ?" ಎಂದು ಒಂದು ದಿನ ಕಾವಲುಗಾರನನ್ನು ಕೆಣಕಿದ.

ಕಾವಲುಗಾರ ನಗಲಿಲ್ಲ. "ಆಸ್ಪತ್ರೆ ಸೇರಿದ್ದಾರಲ್ಲ. ನಿಮಗೆ ಗೊತ್ತಿಲ್ವಾ? ಮುಖ ಎಷ್ಟು ಬಿಳುಚಿಕೊಂಡಿತ್ತು, ಕಣ್ಣೆಲ್ಲ ಒಳಗೆ ಹೋಗಿತ್ತು. ನೋಡಿದ್ರೆ ಯಾರಿಗಾದ್ರೂ ಗೊತ್ತಾಗ್ತಿತ್ತು."

ಕೆಂಡಣ್ಣ ನೋಡಿರಲಿಲ್ಲ. ಉಗ್ರಾಣಕ್ಕೆ ಬೀಗ ಕೂಡ ಹಾಕದೆ ಓಡಿದ. ವಾರ್ಡಿನಲ್ಲಿ ಆಯಾ ಹಾಸಿಗೆ ಬಟ್ಟೆ ಮಡಚುತ್ತಿದ್ದಳು. ಇವನು ಬಾಯಿ ತೆರೆಯುವ ಮೊದಲೇ, "ಬೆಳಿಗ್ಗೆನೇ ತೀರಿಕೊಂಡ್ರು" ಎಂದಳು.

ಮಾರನೇ ವಾರ ಆಕೆಯ ಮನೆ ಹುಡುಕಿಕೊಂಡು ಹೋದ. ಬಾಗಿಲು ತೆಗೆದದ್ದು ಗಂಡ. ಯಾರೆಂದು ಕೇಳಿದಾಗ ಹೆಸರು ಹೇಳದೆ, "ಲೇತಿನವನು" ಎಂದ.

"ಓ, ನೀವಾ? ಬನ್ನಿ ಒಳಗೆ. ಲೇತಣ್ಣ ಏನಾದ್ರೂ ಹೇಳಿ ಕಳಿಸಿದ್ರಾ ಅಂತ ಕೊನೇವರೆಗೂ ಕೇಳ್ತಿದ್ಲು." ಆತ ಕುರ್ಚಿ ಎಳೆದು ಹಾಕಿದ. "ಏನದು? ನನಗೆ ಹೇಳಬಹುದಾ?"

ಮಾತು ನಾಲಿಗೆಯ ಮೇಲೇ ಇತ್ತು. ಆ ಹೂಂ ಸಲ್ಲಬೇಕಾದ್ದು ಆಕೆಗೆ; ಗಂಡನ ಕೈಗೆ ಇಟ್ಟು ಬರುವಂಥದ್ದಲ್ಲ.

"ಏನಿಲ್ಲ" ಎಂದು ಕೆಂಡಣ್ಣ ಕೂರದೆ ಹೊರಗೆ ಬಂದ. ಆಕೆಗೆ ಕೊಡಬೇಕಾಗಿದ್ದ ಉತ್ತರ ಇವತ್ತಿಗೂ ಬಾಕಿಯಿದೆ.