ನಡೆಯುವ ದೊಡ್ಡಿಗೆ ಗ್ರೀಕರು ಏನನ್ನುತ್ತಿದ್ದರು?

"ಕುರಿ ಹೊಲದಾಗ ಮಲಗಿದ್ರ, ಆ ಜಾಗಾಕ್ಕ ಗ್ರೀಕರು ಏನಂತಿದ್ರು?"

ಭಾನುವಾರ ಮುಂಜಾನೆ, ಗೋಕಾಕದ ನಮ್ಮ ಮನೆಯ ಕಂಪ್ಯೂಟರ್ ಮುಂದಿನಿಂದ ಈ ಪ್ರಶ್ನೆ ಅಡುಗೆಮನೆಗೆ ಬಂತು. ನಾನು ರೊಟ್ಟಿ ಬಡಿಯುತ್ತಿದ್ದೆ.

"ರೊಟ್ಟಿ ಆರಾಕತ್ತಾವು, ಮೊದಲ ಬರ್ರಿ. ಎರಡ ಸಾವಿರ ವರ್ಷ ಕಾದಾರ, ಗ್ರೀಕರು ಇನ್ನೊಂದ ಹತ್ತ ನಿಮಿಷ ಕಾಯ್ತಾರ."

ನಮ್ಮ ಮನೆಯವರು ನಕ್ಕರು. ಬಂದು ಉಂಡರು. ಮಧ್ಯಾಹ್ನ ಇಬ್ಬರೂ ಸಂತೆಗೆ ಹೋಗಿ ಬದನೆಕಾಯಿ ತಂದೆವು. ಅವರು ಆರಿಸಿದ್ದರಲ್ಲಿ ಎರಡು ಹುಳುಕಿದ್ದವು, ನಾನು ಆಡಿಕೊಂಡೆ. ಅಷ್ಟೇ. ನೆನಪಿಟ್ಟುಕೊಳ್ಳುವಂಥದ್ದು ಆ ದಿನ ಏನೂ ನಡೆಯಲಿಲ್ಲ.

ಮರುದಿನ ಎಂದಿನಂತೆ ಒಂದೇ ಸ್ಟ್ಯಾಂಡಿನಿಂದ ಎರಡು ಬಸ್ಸು ಹಿಡಿದೆವು. ನನ್ನದು ಹುಕ್ಕೇರಿಗೆ, ಅಲ್ಲಿ ನಾನು ಕನ್ನಡ ಶಾಲೆಯ ಟೀಚರ್. ಅವರದು ಮೂಡಲಗಿಗೆ, ಅಲ್ಲಿ ಅವರು ಹೈಸ್ಕೂಲಿನ ಇತಿಹಾಸದ ಮಾಸ್ತರ್. ಅವರ ಬಸ್ಸು ಮೂಡಲಗಿ ಮುಟ್ಟಿತು. ಅವರು ಮುಟ್ಟಲಿಲ್ಲ. ಎದೆನೋವು ಎಂದು ಬಾಜೂ ಸೀಟಿನವರಿಗೆ ಹೇಳಿದ್ದರಂತೆ.

ನಾಲ್ಕು ತಿಂಗಳು ಈ ಅಂಕಣ ಬರಲಿಲ್ಲವಲ್ಲ, ಕಾರಣ ಇದು.

ಹಳೆಯ ಓದುಗರಿಗೆ ಅವರು ಗೊತ್ತು. 'ನಮ್ಮ ಮನೆಯವರು' ಎಂದು ಆಗಾಗ ಇಲ್ಲಿ ಬಂದುಹೋಗುತ್ತಿದ್ದರು. (ಹೆಸರು ಬರೆದದ್ದಿಲ್ಲ. ಮದುವೆಯ ದಿನ ಹೊಸ್ತಿಲಲ್ಲಿ ಹೆಂಗಸರು ಅಡ್ಡ ನಿಂತು ಒಡಪು ಹಾಕಿಸಿದಾಗ ಗಂಡನ ಹೆಸರು ಒಮ್ಮೆ ಬಾಯಿಂದ ಬಂದಿತ್ತು. ಆಮೇಲೆ ಇಪ್ಪತ್ತೆರಡು ವರ್ಷ 'ಏನ್ರಿ' ಎಂಬುದರಲ್ಲೇ ಸಂಸಾರ ನಡೆಯಿತು.) ಆದರೆ ಅವರ ಆಟದ ಬಗ್ಗೆ ನಾನು ಬರೆದಿರಲಿಲ್ಲ. ಐವತ್ತರ ಹತ್ತಿರದ ಮಾಸ್ತರು ವಿಡಿಯೋ ಗೇಮ್ ಆಡುತ್ತಾರೆಂದರೆ ಊರು ಏನಂದೀತು?

ಅದು ಹೊಡೆದಾಟದ ಆಟವಲ್ಲ, ಸ್ಟ್ರ್ಯಾಟಜಿ ಗೇಮ್. ಬಯಲಿನಲ್ಲಿ ಮನೆ ಕಟ್ಟಬೇಕು, ಕಾಳು ಬೆಳೆಯಬೇಕು, ಸೈನ್ಯ ಕೂಡಿಸಬೇಕು. ಇವರು ಯಾವಾಗಲೂ ಪ್ರಾಚೀನ ಗ್ರೀಕರ ಕಡೆ. ಸೈನ್ಯಕ್ಕಿಂತ ಕಾಳಿನ ಮೇಲೇ ಲಕ್ಷ್ಯ. ಹೀಗಾಗಿ ಸೋಲುತ್ತಿದ್ದರು.

ಒಂದು ದಿನ ಅವರಿಗೆ ಕಿರಿಕಿರಿ ಶುರುವಾಯಿತು. ಗ್ರೀಕರ ಮನೆಯ ಮೇಲೆ ಕ್ಲಿಕ್ ಮಾಡಿದರೆ 'ಹೌಸ್' ಎಂದು ಬರುತ್ತಿತ್ತು.

"ಗ್ರೀಕರು ತಮ್ಮ ಮನಿಗೆ ಹೌಸ್ ಅಂತಿದ್ರೇನ?"

"ಏನರ ಅನ್ಲಿ ಬಿಡ್ರಿ, ನಿಮಗೇನ?"

"ನಮ್ಮ ಕರದಂಟಿಗೆ ಯಾರರ ಬರೇ 'ಸ್ವೀಟ್' ಅಂದ್ರ ಸುಮ್ಮ ಇರ್ತೀಯೇನ?"

ಇರುವುದಿಲ್ಲ.

ಇಂಥ ಕಿರಿಕಿರಿ ಇರುವವರು ಜಗತ್ತಿನಲ್ಲಿ ಇನ್ನೂ ಹಲವರಿದ್ದಾರೆಂದು ಇಂಟರ್ನೆಟ್ಟಿನಲ್ಲಿ ಗೊತ್ತಾಯಿತು. ಬಿಡುವಿನ ವೇಳೆಯಲ್ಲಿ ಅವರೆಲ್ಲ ಸೇರಿ ಆ ಆಟದ ಕಟ್ಟಡಗಳಿಗೆ, ಸೈನಿಕರಿಗೆ ಅಸಲಿ ಹಳೆಯ ಗ್ರೀಕ್ ಹೆಸರು ಹುಡುಕಿ ಪಟ್ಟಿ ಮಾಡುತ್ತಿದ್ದರು, ಮುಗಿದ ಮೇಲೆ ಅದನ್ನು ಆಟದಲ್ಲೇ ಸೇರಿಸುವುದಿತ್ತು. ನಮ್ಮ ಮನೆಯವರೂ ಕೂಡಿಕೊಂಡರು. ನಿಘಂಟು ಡೌನ್‌ಲೋಡ್ ಆಯಿತು. ಇನ್ನೂರು ಪುಟದ ನೋಟ್‌ಬುಕ್ ಬಂತು. ಮನೆಗೆ ಓಯ್ಕಿಯಾ. ಗೋಪುರಕ್ಕೆ ಪಿರ್ಗೋಸ್. ದೊಡ್ಡ ಗುರಾಣಿಯ ಕಾಲಾಳು ಹಾಪ್ಲಿಟೇಸ್, ಸಣ್ಣ ಗುರಾಣಿ ಹಿಡಿದು ಈಟಿ ಎಸೆದು ಓಡುವವನು ಪೆಲ್ಟಾಸ್ಟೇಸ್. (ಓಡುವವನಿಗೂ ಬೇರೆ ಹೆಸರಿಟ್ಟ ಜನ! ನನಗೆ ಗ್ರೀಕರ ಮೇಲೆ ಗೌರವ ಹುಟ್ಟಿದ್ದು ಆವಾಗ.)

ಹೋದ ತಿಂಗಳು ಆ ನೋಟ್‌ಬುಕ್ ತೆಗೆದೆ. ಬಟ್ಟೆ ಕೊಟ್ಟಾಗಿತ್ತು, ಕನ್ನಡಕ ತೆಗೆದಿಟ್ಟಾಗಿತ್ತು. ಇದೊಂದು ಉಳಿದಿತ್ತು.

ಕೊನೆಯ ಪುಟದಲ್ಲಿ ಕುರಿಗಳನ್ನು ಕೂಡಿಹಾಕುವ ಕಟ್ಟಡ. ಆಟದ ಚಿತ್ರದಲ್ಲಿ ಅದಕ್ಕೆ ಗೋಡೆಯಿಲ್ಲ, ಗೂಟ ಮತ್ತು ಹೆಣೆದ ತಟ್ಟಿ. ಅವರು 'ಔಲೆ' ಎಂದು ಬರೆದು ಗೀಟು ಹೊಡೆದಿದ್ದರು. 'ಸೆಕೋಸ್' ಎಂದು ಬರೆದು ಅದಕ್ಕೂ ಗೀಟು. ಪಕ್ಕದಲ್ಲಿ ಎರಡು ವಾಕ್ಯ: "ಇವು ನಿಂತ ದೊಡ್ಡಿ. ನಮ್ಮದು ನಡೆಯುವುದು."

ನಮ್ಮದು?

ಗುಂಪಿಗೆ ಮೇಲ್ ಮಾಡಿದೆ, ನನ್ನ ಪಿಯುಸಿ ಇಂಗ್ಲಿಷಿನಲ್ಲಿ. ಹೀಗೀಗಾಯಿತು, ಅವರು ಇನ್ನಿಲ್ಲ ಎಂದು. ಸ್ತಾವ್ರೊಸ್ ಎಂಬ ಗ್ರೀಸಿನ ನಿವೃತ್ತ ಮೇಷ್ಟ್ರು ಎರಡೇ ದಿನದಲ್ಲಿ ಉತ್ತರಿಸಿದರು. ದುಃಖ ಹೇಳಿ, ಆಮೇಲೆ ಬರೆದಿದ್ದರು: ನಿಮ್ಮ ಗಂಡ ಆ ಒಂದು ಹೆಸರಿಗಾಗಿ ಪಟ್ಟಿಯನ್ನು ತಡೆದು ನಿಲ್ಲಿಸಿದ್ದರು. ಅವರ ಮನಸ್ಸಿನಲ್ಲಿದ್ದದ್ದು ಎಂಥ ದೊಡ್ಡಿ ಎಂದು ತಿಳಿಸಿದರೆ ಇನ್ನೊಮ್ಮೆ ಹುಡುಕುತ್ತೇನೆ. ಈ ತಿಂಗಳ ಕೊನೆಗೆ ಪಟ್ಟಿ ಮುಗಿಸಲೇಬೇಕು. ಸಿಗದಿದ್ದರೆ 'ಸೆಕೋಸ್' ಹಾಕುತ್ತೇವೆ.

ಅವರೇ ಗೀಟು ಹೊಡೆದ ಹೆಸರು! ಅದನ್ನೇ ಹಾಕಿದರೆ ನೋಡುತ್ತ ಕೂಡ್ರುವುದು ಹೇಗೆ?

ಮರುದಿನ ಶಾಲೆಗೆ ರಜೆ ಹಾಕಿ ಮೇಲವಂಕಿಗೆ ಹೋದೆ. ಅದು ಅವರ ಊರು, ಕುರಿ ಸಾಕುವ ಮನೆತನ. ಅವರ ಕಾಕಾ ಈಗಲೂ ಕುರಿ ಕಾಯುತ್ತಾರೆ. ಹೊಲದವರು ಕರೆದರೆ ಹಿಂಡನ್ನು ಅಲ್ಲಿಗೇ ಒಯ್ದು, ಗೂಟ ಬಡಿದು, ಸುತ್ತಲೂ ಬಲೆ ಕಟ್ಟಿ ಕೂಡ್ರಿಸುತ್ತಾರೆ. ನೆಲಕ್ಕೆ ಗೊಬ್ಬರವಾಗುತ್ತದೆ. ಬೆಳಗಾದರೆ ಬಲೆ ಕಿತ್ತು ಮುಂದಕ್ಕೆ.

"ಕಾಕಾ, ಬಲಿ ಕಟ್ಟಿ ಕುರಿ ಕೂಡ್ರಸ್ತೀರಲ್ಲ, ಅದಕ್ಕ ಏನಂತೀರಿ?"

"ಬಲಿ ಅಂತೀವಿ."

"ಬಲಿ ಅಲ್ರಿ. ಒಳಗಿನ ಜಾಗಾಕ್ಕ."

"ಮನ್ಯಾಗಿದ್ರ ದೊಡ್ಡಿ."

"ಹೊಲದಾಗಿದ್ರ?"

ಕಾಕಾ ತಂಬಾಕು ತಿಕ್ಕುವುದನ್ನು ನಿಲ್ಲಿಸಿದರು. "ಇವತ್ತ ಗೌಡ್ರ ಹೊಲ. ನಾಳೆ ಅದರ ಬಾಜೂದ್ದು. ನಾಡದ ಮುಂದಿನ ಊರ. ಬಲಿ ಹೊರೂದು, ಗೂಟ ಹೊರೂದ ಸಾಕಾಗೇತಿ ಯವ್ವಾ. ಹೆಸರೂ ಬ್ಯಾರೆ ಹೊರಬೇಕೇನ?"

ನಕ್ಕೆ. ಆದರೆ ಬಂದ ಕೆಲಸ ಆಗಲಿಲ್ಲವಲ್ಲ ಎಂದು ಮುಖ ಸಣ್ಣದಾಗಿರಬೇಕು. ಕಾಕಾ ನನ್ನನ್ನೇ ನೋಡಿದರು.

"ಇದನ್ನ ಅವನೂ ಕೇಳಿದ್ದ."

"ಯಾವಾಗ?"

"ಎಂಟ ವರ್ಷದಾಂವ ಇದ್ದಾಗ. ನಾವೆಲ್ಲಾ ಕುರಿ ಬೆನ್ನ ಹತ್ತಿ ಹೊಳಿ ದಾಟಿ ಹೋಗಿದ್ವಿ. ಅಲ್ಲೇ ಒಂದ ಸಾಲ್ಯಾಗ ಕೂಡ್ರಸಾಕ ಹೋದ್ರ ಮಾಸ್ತರ ಕೇಳಿದ್ರು, ಎಲ್ಲಿರ್ತೀಯೋ ಅಂತ. ಏನ ಹೇಳಬೇಕ ಇವಗ? ಹುಡುಗರು ನಕ್ಕರು. ತಿರುಗಿ ಬಂದ ಕೇಳಿದ, ಕಾಕಾ, ನಾವ ಇರೂ ಜಾಗಾಕ್ಕ ಏನಂತಾರ?"

"ನೀವೇನ ಹೇಳಿದ್ರಿ?"

"ಏನ ಹೇಳ್ಲಿ? ಮಲ್ಕೋ, ನಾಳೆ ಬ್ಯಾರೆ ಕಡೆ ಇರ್ತೀವಿ ಅಂದೆ."

ಇಪ್ಪತ್ತೆರಡು ವರ್ಷ ಜೊತೆಗಿದ್ದೆ. ಇದನ್ನು ಅವರು ನನಗೆ ಹೇಳಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ. ಆ ಭಾನುವಾರ ಕೇಳಿದ್ದರೆ ಹೇಳುತ್ತಿದ್ದರೇನೋ. ನಾನು ರೊಟ್ಟಿ ಆರುತ್ತವೆ ಎಂದೆ.

ನಾವು ಯಾವುದಕ್ಕೆ ಹೆಸರಿಡುತ್ತೇವೆ, ಯಾವುದಕ್ಕೆ ಇಡುವುದಿಲ್ಲ, ಯೋಚಿಸಿದ್ದೀರಾ? ಕೋಟೆಗೆ ಇದೆ, ವಾಡೆಗೆ ಇದೆ. ಕಲ್ಲಾಗಿ ನಿಂತದ್ದಕ್ಕೆಲ್ಲ ಇದೆ. ಎದ್ದು ಹೋಗುವವರು ಮಲಗಿದ ಜಾಗವನ್ನು ಮುಂಜಾನೆ ಯಾರು ಕರೆಯುತ್ತಾರೆ? (ನಿಮ್ಮ ಕಡೆ ಅದಕ್ಕೊಂದು ಹೆಸರಿದ್ದರೆ ದಯವಿಟ್ಟು ಬರೆದು ತಿಳಿಸಿ. ನಮ್ಮ ಕಾಕಾನ ಬಾಯಲ್ಲಿ ಬರಲಿಲ್ಲ, ಅಷ್ಟೇ.)

ಸ್ತಾವ್ರೊಸ್‌ಗೆ ಎಲ್ಲವನ್ನೂ ಬರೆದೆ. ಬಲೆ, ಗೂಟ, ಗೊಬ್ಬರ, ಶಾಲೆ. ವಾರ ಬಿಟ್ಟು ಉತ್ತರ ಬಂತು. ಅವರ ಅಜ್ಜನೂ ಬೆಟ್ಟದಲ್ಲಿ ಕುರಿ ಕಾಯುತ್ತಿದ್ದನಂತೆ. ಅಜ್ಜನ ಕಡೆ ಒಂದು ಮಾತಿದೆಯಂತೆ, ಆದರೆ ಅದು ಇತ್ತೀಚಿನದು, ಪಟ್ಟಿಗೆ ಸಲ್ಲುವುದಿಲ್ಲ. ಹಳೆಯ ಪುಸ್ತಕಗಳಲ್ಲಿ ನಡೆಯುವ ದೊಡ್ಡಿ ಅವರಿಗೆ ಸಿಗಲಿಲ್ಲ. "ಬರೆಯುವವರು ಊರಲ್ಲಿದ್ದರು, ಕುರಿ ಕಾಯುವವರು ಬರೆಯಲಿಲ್ಲ" ಎಂದಿದ್ದರು.

ಕೊನೆಗೆ ಒಂದು ವಿನಂತಿ. ಕೆಲಸ ಮಾಡಿದವರ ಹೆಸರುಗಳು ಆಟದ ಕೊನೆಯಲ್ಲಿ ಬರುತ್ತವೆ, ನಿಮ್ಮ ಗಂಡನ ಪೂರ್ತಿ ಹೆಸರು ಹೇಗೆ ಬರೆಯಬೇಕು?

ಒಂದೊಂದೇ ಅಕ್ಷರ ಟೈಪ್ ಮಾಡಿದೆ. ಅರ್ಧ ತಾಸು ಹಿಡಿಯಿತು. ಕಳಿಸುವ ಮೊದಲು, ಸರಿಯಾಗಿದೆಯೇ ಎಂದು ಒಮ್ಮೆ ಗಟ್ಟಿಯಾಗಿ ಓದಿದೆ. ಮನೆಯಲ್ಲಿ ಯಾರೂ ಇರಲಿಲ್ಲ. ಓ ಎನ್ನಲಿಲ್ಲ ಯಾರೂ.

ಹೋದ ವಾರ ಹೊಸ ಪಟ್ಟಿ ಆಟಕ್ಕೆ ಸೇರಿತು. ಮನೆಯ ಮೇಲೆ ಕ್ಲಿಕ್ ಮಾಡಿದರೆ ಓಯ್ಕಿಯಾ. ಗೋಪುರಕ್ಕೆ ಪಿರ್ಗೋಸ್. ಕುರಿಗಳು ಗೂಟಗಳ ನಡುವೆ ನಿಂತಿವೆ, ಮೇಲೆ 'ಸೆಕೋಸ್' ಎಂದಿದೆ. ಗುಂಪಿನವರದು ತಪ್ಪಿಲ್ಲ, ಇನ್ನೆಷ್ಟು ಕಾಯುತ್ತಾರೆ?

ಲಗಮಣ್ಣನವರು ಕೇಳಿದ ಹೆಸರು ಇನ್ನೂ ಸಿಕ್ಕಿಲ್ಲ.